ಸೇಂಟ್ ಪ್ಯಾಂಕ್ರಸಿನ ಭಾರತೀಯ ಕೌನ್ಸಿಲರು

ಶ್ರೀ ವಿ. ಕೆ. ಕೃಷ್ಣ ಮೆನನ್ನರ ಹೆಸರನ್ನೆತ್ತಿದೊಡನೆ ನಮ್ಮ ಜನರಿಗೆ ನೆನಪಾಗುವುದು ಕಾಶ್ಮೀರವನ್ನು ಕುರಿತು 1957ರಲ್ಲಿ ಭದ್ರತಾ ಮಂಡಲಿಯ ಮುಂದೆ ಅವರು ಮಾಡಿದ ಸುದೀರ್ಘ ಭಾಷಣ. ಇಲ್ಲವೆ 1962ರ ಚೀನಾ ಯುದ್ಧ, ಮತ್ತು ರಕ್ಷಣಾ ಮಂತ್ರಿಪದವಿಯಿಂದ ಅವರ ನಿರ್ಗಮನ. ಈ ಎರಡರ ಕೋಲಾಹಲದಲ್ಲಿ ಅವರ ಬಾಳಿನ ಹದಿಮೂರು ವರ್ಷಗಳು ಮರೆತೇಹೋಗಿವೆ. 1934ರಿಂದ 1947ರ ವರೆಗೆ ಅವರು ಲಂಡನ್ ಕೌಂಟಿಗೆ ಸೇರಿದ ಸೇಂಟ್ ಪ್ಯಾಂಕ್ರಸ್ ಬರೋದ ಚುನಾಯಿತ ಸದಸ್ಯರಾಗಿದ್ದರೆಂಬುದನ್ನು ಬಲ್ಲವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಅವರ ಮಂತ್ರಿಗಿರಿಗಿಂತಲೂ ಈ ಕೌನ್ಸಿಲರುಗಿರಿಯೇ ವಿಚಾರಾರ್ಹವಾದುದು.

ಕಲ್ಲಿಕೋಟೆಯಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಶ್ರೀಮತಿ ಆನಿ ಬೆಸೆಂಟರ ಹೋಂರೂಲ್ ಚಳವಳಿಯಲ್ಲಿ ದುಡಿದ ಈ ತರುಣರು 1924ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ಪ್ರೊಫೆಸರ್ ಹೆರಾಲ್ಡ್ ಲಾಸ್ಕಿಯವರ ಶಿಷ್ಯರಾದರು. 1934ರಲ್ಲಿ ಮಿಡಲ್ ಟೆಂಪಲಿನಿಂದ ಬ್ಯಾರಿಸ್ಟರರಾದರು. ವಕೀಲಿಯಿಂದ ಅವರು ಐಶ್ವರ್ಯ ಗಳಿಸಲಿಲ್ಲ. ಹಗಲಿರುಳೆನ್ನದೆ ಅವರನ್ನು ಹಿಡಿದಿಟ್ಟುದು ಭಾರತ ಸ್ವಾತಂತ್ರ್ಯಕ್ಕಾಗಿ ಪ್ರಚಾರ ನಡೆಸುತ್ತಿದ್ದ ಇಂಡಿಯಾ ಲೀಗ್. ಅವರ ಆಹಾರವೋ ಬಹುಮಟ್ಟಿಗೆ ಬರಿಯ ಚಹ. ಆದರೂ 1940ರಲ್ಲಿ ಉಧಮ್ ಸಿಂಗರ ಮೇಲೆ ಕೊಲೆಯ ವಿಚಾರಣೆ ನಡೆದಾಗ ಪ್ರತಿವಾದಿಯ ಪರವಾಗಿ ನಿಂತ ವಕೀಲರಲ್ಲಿ ಮೆನನ್ನರೂ ಒಬ್ಬರಾಗಿದ್ದರು.

ಸೇಂಟ್ ಪ್ಯಾಂಕ್ರಸ್ ಎಂದರೆ ಶ್ರೀಮಂತರ ಬಡಾವಣೆಯೆಂದು ವಾಚಕರು ಭಾವಿಸಬಾರದು. ಯೂಸ್ಟನ್, ಕಿಂಗ್ಸ್ ಕ್ರಾಸ್, ಸೇಂಟ್ ಪ್ಯಾಂಕ್ರಸ್ ಎಂಬ ಮೂರು ದೊಡ್ಡ ರೈಲುನಿಲ್ದಾಣಗಳು ಅದರೊಳಗಿವೆ. ಅವುಗಳ ಹೊಗೆ ಮಸಿಗಳ ನಡುವೆ ಸೋಮರ್ಸ್ ಟೌನಿನಂತಹ ಕೂಲಿಕಾರರ ಕೇರಿಗಳಿದ್ದುವು. ಇಲ್ಲಿಯ ಮತದಾರರು ಲೇಬರ್ ಪಕ್ಷದ ಅಭ್ಯರ್ಥಿಯಾಗಿ ನಿಂತ ಮಲಬಾರಿನ ಬ್ಯಾರಿಸ್ಟರರನ್ನು ಆರಿಸಿ ಕಳುಹಿಸಿದರು. ಕಾನೂನಿನ ವೈಚಿತ್ರ್ಯವನ್ನು ನೋಡಿರಿ! ಬ್ರಿಟಿಷ್ ಪ್ರಜೆಯೆನಿಸಿಕೊಂಡ ಭಾರತೀಯನು ಲಂಡನ್ನಿನಲ್ಲಿ ನೆಲಸಿದರೆ ಅಲ್ಲಿ ಮತ ಕೊಡಬಹುದಾಗಿತ್ತು, ಚುನಾವಣೆಗೂ ನಿಲ್ಲಬಹುದಾಗಿತ್ತು. ಅದೇ ಕಾಲದಲ್ಲಿ ಅವನ ಸ್ವದೇಶದಲ್ಲಿ ಆಸ್ತಿ, ತೆರಿಗೆಗಳ ನಿಬಂಧನೆಗಳಿಂದಾಗಿ ಬಹುಸಂಖ್ಯಾತರಿಗೆ ಮತದಾನದ ಹಕ್ಕೇ ಇರಲಿಲ್ಲ. ಆಳಿಸಿಕೊಳ್ಳುವವನು ಆಳುವವರ ರಾಜಧಾನಿಯಲ್ಲಿ ಅವರ ಬೀದಿ, ಚರಂಡಿ, ಸ್ನಾನಗೃಹಗಳ ಮೇಲ್ವಿಚಾರಕನಾದನು.

ಮೆನನ್ನರು ಈ ಹುದ್ದೆಯನ್ನು ಭಾರತದ ಪರವಾದ ಭಾಷಣಗಳಿಗೆ ವೇದಿಕೆಯಾಗಿ ಮಾತ್ರ ಬಳಸಿಕೊಂಡಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಅವರು ಪುಸ್ತಕಾಲಯ ಸಮಿತಿಯ ಅಧ್ಯಕ್ಷರಾಗಿ ನಿಷ್ಠೆಯಿಂದ ದುಡಿದರು. 1937ರಲ್ಲಿ ಅಗ್ಗದ ಬೆಲೆಯ ಪೆಲಿಕನ್ ಗ್ರಂಥಮಾಲೆ ಆರಂಭವಾದಾಗ ಅದರ ಸಂಪಾದಕರಲ್ಲಿ ಒಬ್ಬರಾಗಿದ್ದವರೂ ಇವರೇ. ಬಡವನ ಕೈಗೆ ಒಳ್ಳೆಯ ಪುಸ್ತಕ ಸೇರಬೇಕೆಂಬ ಒಂದೇ ಹಂಬಲ ಎರಡೂ ಕೆಲಸಗಳ ಹಿಂದೆ ಇದ್ದಿತು. ಯುದ್ಧಕಾಲದಲ್ಲಿ ಪುಸ್ತಕಗಳನ್ನು ಹೊತ್ತ ಮೋಟಾರುಬಂಡಿ ಆ ಬರೋದ ಬೀದಿಗಳಲ್ಲಿ ಸಂಚರಿಸಿತು. ಜರ್ಮನ್ ಬಾಂಬುಗಳು ಬೀಳುತ್ತಿದ್ದಾಗ ಮೆನನ್ನರು ವಾಯುದಾಳಿಯ ವಾರ್ಡನರಾಗಿಯೂ ಕೆಲಸ ಮಾಡಿದರು. ಪುರಸಭೆಯ ಸದಸ್ಯತ್ವವನ್ನು ಶಾಸನಸಭೆಗೆ ಏರುವ ಮೆಟ್ಟಿಲೆಂದಷ್ಟೇ ಎಣಿಸುವ ನಮ್ಮ ಊರುಗಳ ಮಹನೀಯರು ಇದನ್ನು ಗಮನಿಸಿದರೆ ಕೆಟ್ಟದ್ದೇನೂ ಆಗದು.

ಮೆಟ್ಟಿಲು ಮೆನನ್ನರಿಗೂ ಒದಗಿಬಂದಿತ್ತು, ಆದರೆ ಮುರಿಯಿತು. ಸ್ಕಾಟ್ಲೆಂಡಿನ ಡಂಡೀ ಕ್ಷೇತ್ರದ ಲೇಬರ್ ಪಕ್ಷದವರು 1939ರಲ್ಲಿ ಅವರನ್ನು ಪಾರ್ಲಿಮೆಂಟಿನ ಭಾವೀ ಅಭ್ಯರ್ಥಿಯಾಗಿ ಆರಿಸಿಕೊಂಡರು. ಮರುವರ್ಷ ಪಕ್ಷದ ಕೇಂದ್ರಮಂಡಲಿಯು ಅದನ್ನು ರದ್ದುಗೊಳಿಸಿತು. ಭಾರತದ ವಿಷಯದಲ್ಲಿ ಅವರು ತೋರುತ್ತಿದ್ದ ನಿಷ್ಠೆಯೇ ಅಲ್ಲಿ ಅಡ್ಡಿಯಾಯಿತು. ಸಾಮ್ರಾಜ್ಯದ ಪ್ರಶ್ನೆ ಬಂದಾಗ ಆಂಗ್ಲ ಸಮಾಜವಾದಿಗಳ ಔದಾರ್ಯವೂ ಎಲ್ಲಿ ನಿಲ್ಲುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ. ಮೆನನ್ನರು ಪಕ್ಷವನ್ನು ಬಿಟ್ಟರು. ಕೆಲವು ವರ್ಷಗಳ ಅನಂತರ ಮತ್ತೆ ಸೇರಿದರು. ಬರೋದ ಕೆಲಸವನ್ನು ಮಾತ್ರ ಬಿಡಲಿಲ್ಲ.

1947ರಲ್ಲಿ ಅವರು ಅದೇ ಲಂಡನ್ನಿನಲ್ಲಿ ಸ್ವತಂತ್ರ ಭಾರತದ ಹೈಕಮಿಷನರರಾದರು. 1955ರಲ್ಲಿ ಸೇಂಟ್ ಪ್ಯಾಂಕ್ರಸ್ ಬರೋ ತನ್ನ ಗೌರವ ಪೌರತ್ವವನ್ನು ಅವರಿಗಿತ್ತಿತು. ಈ ಮನ್ನಣೆ ಅವರಿಗಿಂತ ಮೊದಲು, 1946ರಲ್ಲಿ, ಬರ್ನಾರ್ಡ್ ಷಾ ಅವರಿಗೆ ಸಂದಿತ್ತು; ಷಾ ಕೂಡ ಐರ್ಲೆಂಡಿನಿಂದ ಬಂದು, ಅಲ್ಲಿಯೇ ಕೌನ್ಸಿಲರಾಗಿ ಚರಂಡಿಗಳ ಲೆಕ್ಕ ನೋಡಿದ್ದವರು. 1965ರಲ್ಲಿ ಆ ಬರೋ ಕ್ಯಾಮ್ಡನ್ ಎಂಬ ಹೊಸ ಬರೋದಲ್ಲಿ ಲೀನವಾಯಿತು.