ಲೈಸನ್ಸಿನಲ್ಲಿದ್ದ ಎರಡನೇ ಹೆಸರು

ನಮ್ಮ ಹೋಟೆಲಿಗೆ ಎಪ್ಪತ್ತೈದು ತುಂಬುವ ಹೊತ್ತಿಗೆ ಅಜ್ಜನ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ತರೋಣ ಎಂದು ಹೊರಟವನು ನಾನು. ಹನ್ನೆರಡರ ಪ್ರಾಯದಲ್ಲಿ ಮಂಗಳೂರಿನಿಂದ ಸ್ಟೀಮರ್ ಹತ್ತಿ ಮುಂಬಯಿಗೆ ಬಂದರು, ಮೋರಿಯಲ್ಲಿ ಕಪ್ಪು ಬಸಿ ತೊಳೆದರು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತರು, ಒಬ್ಬರೇ ದುಡಿದು ಹೋಟೆಲ್ ಮಾಡಿದರು. ಗೊತ್ತಿದ್ದದ್ದು ಇಷ್ಟೆ. ಓದುಗ ಬಂಧುಗಳಲ್ಲಿ ಅರ್ಧ ಮಂದಿಯ ಮನೆಯ ಕಥೆಯೂ ಇದೇ ಇದ್ದೀತು!

ಗಲ್ಲಾದ ಮೇಲಿನ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ 1948ರ ಮುಂಬಯಿ ಅಂಗಡಿ ಕಾಯ್ದೆಯಡಿ ಮಾಡಿಸಿದ ನೋಂದಣಿ ಪತ್ರ ಸಿಕ್ಕಿತು. ಮಾಲೀಕರ ಜಾಗದಲ್ಲಿ ಎರಡು ಹೆಸರು. ಎರಡನೆಯದನ್ನು ನಾನು ಕೇಳಿಯೇ ಇರಲಿಲ್ಲ. ಅಪ್ಪನನ್ನು ಕೇಳಿದೆ. "ಯಾರೋ ಪಾಲುದಾರರು ಇದ್ದರು, ಬೇಗ ತೀರಿಕೊಂಡರು" ಎಂದು ಪೇಪರ್ ಎತ್ತಿಕೊಂಡರು.

ಪೆಟ್ಟಿಗೆಯ ತಳದಲ್ಲಿ ತಂತಿಗೆ ಚುಚ್ಚಿಟ್ಟ ಮನಿಯಾರ್ಡರ್ ರಸೀದಿಗಳಿದ್ದವು. ಹಣ ಮುಟ್ಟಿದ್ದಕ್ಕೆ ಊರಿನಿಂದ ವಾಪಸು ಬರುತ್ತಿದ್ದ ಆ ಚೂರು ಕಾಗದಗಳು. ತಿಂಗಳಿಗೆ ಎರಡು. ಒಂದು ನಮ್ಮ ಮನೆಗೆ. ಇನ್ನೊಂದು ಬೇರೆ ಮನೆಯ ಒಬ್ಬ ಹೆಂಗಸಿಗೆ, ಹದಿನೈದು ರೂಪಾಯಿ, ಹೆಬ್ಬೆಟ್ಟಿನ ಗುರುತು. 1958ರಿಂದ ಅಜ್ಜ ತೀರಿಕೊಂಡ 1971ರವರೆಗೆ. ಏನೇನೋ ಯೋಚನೆ ಬಂತು, ಸುಳ್ಳು ಯಾಕೆ ಹೇಳಲಿ.

ಊರಿಗೆ ಹೋದೆ. ಹುಡುಕುವವರಿಗೆ ಒಂದು ಮಾತು: ಅಳಿಯಕಟ್ಟಿನವರು ಹಿರಿಯರ ಹೆಸರನ್ನು ತಂದೆಯ ಮನೆಯ ಪತ್ರಗಳಲ್ಲಿ ಹುಡುಕಿ ಪ್ರಯೋಜನವಿಲ್ಲ, ತಾಯಿಮನೆಗೆ ಹೋಗಬೇಕು. 1949ರ ಮದ್ರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಆದ ಪಾಲುಪಟ್ಟಿಗಳಲ್ಲಿ ಕವರು ಕವರಾಗಿ ಇಡೀ ಸಂಸಾರದ ಹೆಸರು, ಪ್ರಾಯ ಸಿಗುತ್ತದೆ. ವರ್ಷ ಮತ್ತು ಹೆಸರು ಹೇಳಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ತೆಗೆಸಬಹುದು. ಮುಂಬಯಿ ಕಾಗದದಲ್ಲಿ ನಡುವೆ ತಂದೆಯ ಹೆಸರು, ಊರಿನ ಕಾಗದದಲ್ಲಿ ಮುಂದೆ ಮನೆಯ ಹೆಸರು. ಒಬ್ಬರೇ ಮನುಷ್ಯ ಇಬ್ಬರಂತೆ ಕಾಣುತ್ತಾರೆ, ಗಾಬರಿಯಾಗಬಾರದು. ಅಜ್ಜನ ಪ್ರಾಯ ಲೆಕ್ಕ ಹಾಕಿದರೆ ಊರು ಬಿಟ್ಟಾಗ ಹನ್ನೆರಡಲ್ಲ, ಒಂಬತ್ತು.

ಆ ಹೆಂಗಸಿನ ಮನೆಯ ಮೊಮ್ಮಗ ಒಳ್ಳೆಯವರು, ಕಾಫಿ ಕೊಟ್ಟು ಕೂರಿಸಿದರು. ಅವರ ಬಳಿ ಭೂನ್ಯಾಯ ಮಂಡಳಿಯ ಕಡತದ ನಕಲಿತ್ತು. 1974ರ ತಿದ್ದುಪಡಿಯ ನಂತರ ನಮ್ಮ ಕಡೆ ಗೇಣಿದಾರರೆಲ್ಲ ಡಿಕ್ಲರೇಶನ್ ಕೊಟ್ಟರಲ್ಲ, ಆ ಫಾರಂ ಏಳರ ಕಡತ. ಅದರಲ್ಲಿ ಅಜ್ಜಿ ಕೊಟ್ಟ ಹೇಳಿಕೆ ಇದೆ: ಗಂಡ ಮುಂಬಯಿ ಹೋಟೆಲಿನಲ್ಲಿ ತೀರಿಕೊಂಡರು, ಜೊತೆಗಾರರು ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದರು, ಆ ಹಣದಲ್ಲಿ ಚಾಲಗೇಣಿ ಕಟ್ಟಿ ಭೂಮಿ ಉಳಿಸಿಕೊಂಡೆವು, ಅವರು ಹೋದ ಮೇಲೆ ಹಣ ಬರಲಿಲ್ಲ.

ನಿಲ್ಲಿಸಿದವರು ಯಾರು ಎಂದು ಮೊಮ್ಮಗ ಕೇಳಲಿಲ್ಲ. ನಾನೂ ಹೇಳಲಿಲ್ಲ. 1971ರಲ್ಲಿ ಗಲ್ಲಾದಲ್ಲಿ ಕೂತವರು ನನ್ನ ಅಪ್ಪ.

ವಾಪಸು ಬಂದು ನಕಲನ್ನು ಅಪ್ಪನ ಮುಂದಿಟ್ಟೆ. ಓದಲು ಬಹಳ ಹೊತ್ತು ತೆಗೆದುಕೊಂಡರು. "ನನಗೆ ಗೊತ್ತಿತ್ತು. ಆಗ ಇಪ್ಪತ್ತಾರು ನನಗೆ. ಹಾಲಿನವನಿಗೆ, ಕಿರಾಣಿಯವನಿಗೆ ಬಾಕಿ. ಎರಡು ತಿಂಗಳು ಬಿಟ್ಟೆ, ಮತ್ತೆ ಕಳುಹಿಸಲು ನಾಚಿಕೆಯಾಯಿತು" ಎಂದರು.

ಪುಸ್ತಿಕೆಯ ಮೊದಲ ಪ್ರೂಫ್ ರದ್ದಾಯಿತು. "ಒಬ್ಬರೇ ದುಡಿದು" ಎಂಬ ಸಾಲು ತೆಗೆದೆ, ನೋಂದಣಿ ಪತ್ರವನ್ನೇ ಅಚ್ಚು ಹಾಕಿಸಿದೆ. ಮೊಮ್ಮಗ ಕೊಟ್ಟ ಒಂದು ಫೋಟೋದಲ್ಲಿ ಇಬ್ಬರೂ ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದಾರೆ. ದೊಡ್ಡದು ಮಾಡಿಸಿ ಗಲ್ಲಾದ ಹಿಂದೆ ಹಾಕಿದ ದಿನ ಅಪ್ಪ ಕೋಲೂರಿಕೊಂಡು ಬಂದರು. ನೋಡಿ, "ಎಡಗಡೆಯವರ ಹೆಸರನ್ನು ಕೆಳಗೆ ಬರೆಸು, ಅವರದ್ದೇ ಮೊದಲು" ಎಂದರು.