ಹಳೆಯ ಲ್ಯಾಂಡ್ ರೋವರಿನ ಚಾವಣಿ

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಇಂದಿಗೂ ಅಲ್ಲಲ್ಲಿ ಓಡಾಡುತ್ತಿರುವ ಹಳೆಯ ಲ್ಯಾಂಡ್ ರೋವರ್ ಗಾಡಿಗಳಿಗೆ ಒಂದು ವಿಶೇಷವುಂಟು. ಚಳಿಗಾಲದಲ್ಲಿ ಲೋಹದ ಚಾವಣಿಯನ್ನು ಹೊತ್ತು ಪೆಟ್ಟಿಗೆಯಂತೆ ತೋರುವ ಗಾಡಿಯೇ ಬೇಸಗೆ ಬಂದಾಗ ಚಾವಣಿಯನ್ನು ಕಳಚಿಟ್ಟು ತೆರೆದ ಬಂಡಿಯಾಗಬಲ್ಲದು. ಚಾವಣಿಯನ್ನು ಗಾಡಿಯ ಮೈಗೆ ಬೆಸೆದಿಲ್ಲ. ಬೋಲ್ಟುಗಳಿಂದ ಬಿಗಿದಿದೆ, ಅಷ್ಟೆ. ಬೋಲ್ಟುಗಳನ್ನು ಬಿಚ್ಚುವುದು, ನಾಲ್ಕು ಜನ ಸೇರಿ ಎತ್ತುವುದು, ಬೇಕಾದಾಗ ಮತ್ತೆ ಇಳಿಸಿ ಬಿಗಿಯುವುದು. ಇದರಲ್ಲಿ ವಿಜ್ಞಾನವೇನು ಬಂತು ಎಂದು ವಾಚಕರು ಕೇಳಬಹುದು.

ಕೆಲಸಕ್ಕೆ ಕೈಹಾಕಿದವರಿಗೆ ಉತ್ತರವು ಬೇಗನೆ ದೊರೆಯುವುದು. ಹತ್ತಿಪ್ಪತ್ತು ವರ್ಷಗಳಿಂದ ಯಾರೂ ಮುಟ್ಟದ ಬೋಲ್ಟು ಸ್ಪ್ಯಾನರಿಗೆ ಮಣಿಯುವುದಿಲ್ಲ. ಅದರ ಸುತ್ತಲೂ ಬಣ್ಣವು ಉಬ್ಬಿ ಗುಳ್ಳೆಯೆದ್ದಿದೆ. ಗುಳ್ಳೆಯನ್ನು ಉಗುರಿನಿಂದ ಕೆರೆದರೆ ಸುಣ್ಣದಂತಹ ಬಿಳಿಯ ಪುಡಿ ಉದುರುವುದು. ಬಲಾತ್ಕಾರ ಮಾಡಿದರೆ ಬೋಲ್ಟು ಮುರಿಯುವುದು, ಇಲ್ಲವೆ ತಗಡು ಹರಿಯುವುದು. ಸುಮ್ಮನೆ ನಿಂತಿದ್ದ ಗಾಡಿಗೆ ಈ ಹಾನಿಯನ್ನು ಮಾಡಿದುದು ಯಾವುದು? ಮತ್ತೆ ಕೂಡಿಸುವಾಗ ಅದನ್ನು ತಡೆಯುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನರಿತವನು ಮಾತ್ರ ಚಾವಣಿಯನ್ನು ನಿಜವಾಗಿ ತೆಗೆದು ಕೂಡಿಸಬಲ್ಲನು.

ಉಕ್ಕಿನ ಬರದಲ್ಲಿ ಹುಟ್ಟಿದ ಗಾಡಿ

ಎರಡನೆಯ ಮಹಾಯುದ್ಧವು ಮುಗಿದಾಗ ಬ್ರಿಟನ್ನಿನಲ್ಲಿ ಉಕ್ಕಿಗೆ ಬರ ಬಂದಿತ್ತು. ಕಾರ್ಖಾನೆಗಳಿಗೆ ಅದನ್ನು ಅಳೆದು ಹಂಚಲಾಗುತ್ತಿತ್ತು. ಯುದ್ಧಕಾಲದ ವಿಮಾನಗಳಿಗಾಗಿ ಬೆಳೆದಿದ್ದ ಅಲ್ಯೂಮಿನಿಯಂ ಉದ್ಯಮದಲ್ಲಾದರೋ ತಗಡಿಗೆ ಕೊರತೆಯಿರಲಿಲ್ಲ. ರೋವರ್ ಕಂಪನಿಯ ಮುಖ್ಯ ಎಂಜಿನಿಯರಾಗಿದ್ದ ಮಾರಿಸ್ ವಿಲ್ಕ್ಸ್ ಎಂಬುವರು ವೇಲ್ಸಿನ ಆಂಗಲ್ಸೀ ದ್ವೀಪದಲ್ಲಿದ್ದ ತಮ್ಮ ಜಮೀನಿನಲ್ಲಿ ಯುದ್ಧದಿಂದ ಉಳಿದ ವಿಲ್ಲಿಸ್ ಜೀಪೊಂದನ್ನು ಬಳಸುತ್ತಿದ್ದರು. ಅಂತಹುದೇ ಗಾಡಿಯೊಂದನ್ನು ತಾವೇ ಏಕೆ ಮಾಡಬಾರದೆಂಬ ಯೋಚನೆಯು ಅವರಲ್ಲಿ ಮೂಡಿತು. ಆ ಯೋಚನೆಯ ಫಲವಾದ ಲ್ಯಾಂಡ್ ರೋವರ್ 1948ರ ಏಪ್ರಿಲ್ 30ರಂದು ಆಂಸ್ಟರ್‌ಡಾಂ ಮೋಟಾರು ಪ್ರದರ್ಶನದಲ್ಲಿ ಲೋಕಕ್ಕೆ ಕಾಣಿಸಿಕೊಂಡಿತು. 1958ರಲ್ಲಿ ಅದರ ಎರಡನೆಯ ಶ್ರೇಣಿಯೂ 1971ರಲ್ಲಿ ಮೂರನೆಯ ಶ್ರೇಣಿಯೂ ಹೊರಬಂದವು. 1985ರಲ್ಲಿ ಆ ಶ್ರೇಣಿಗಳ ತಯಾರಿಕೆ ನಿಂತಿತು.

ಗಾಡಿಯ ಅಡಿಗಟ್ಟು ಉಕ್ಕಿನದು. ಮೈಯ ತಗಡುಗಳು ಮಾತ್ರ ಅಲ್ಯೂಮಿನಿಯಮ್ಮಿಗೆ ಸ್ವಲ್ಪ ಮೆಗ್ನೀಸಿಯಮ್ಮನ್ನು ಬೆರಸಿದ ಬರ್ಮಾಬ್ರೈಟ್ ಎಂಬ ಮಿಶ್ರಲೋಹದವು. ಉಕ್ಕಿನ ಸಾಂದ್ರತೆಯು ನೀರಿನ ಸುಮಾರು 7.8ರಷ್ಟಾದರೆ ಅಲ್ಯೂಮಿನಿಯಮ್ಮಿನದು 2.7ರಷ್ಟು ಮಾತ್ರ. ಆದುದರಿಂದ ಗಾಡಿಗೆ ಲಘುತ್ವವು ಬಂದಿತು. ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವ ಭಯವೂ ತಪ್ಪಿತು. ಅಲ್ಯೂಮಿನಿಯಮ್ಮಿಗೆ ಗಾಳಿ ತಾಗಿದೊಡನೆ ಅದರ ಮೇಲೆ ಆಕ್ಸೈಡಿನ ತೆಳುಪೊರೆಯೊಂದು ಮೂಡುವುದು. ಇದರ ದಪ್ಪವು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಷ್ಟು; ಆದರೂ ಒಳಗಿನ ಲೋಹಕ್ಕೆ ಇದೇ ಕವಚ.

ಚಾವಣಿಯ ಮೇಲುಹೊದಿಕೆ, ಎರಡು ಪಕ್ಕದ ಗೋಡೆಗಳು ಇವೆಲ್ಲವೂ ಈ ಹಗುರ ಲೋಹದವೇ. ಆದರೆ ಮುಂದಿನ ಗಾಜನ್ನು ಹಿಡಿದಿರುವ ಚೌಕಟ್ಟು ಉಕ್ಕಿನದು, ಹಿಂಭಾಗದ ತೊಟ್ಟಿಯ ಅಂಚಿಗೆ ಹೊದಿಸಿದ ಪಟ್ಟಿಗಳು ಸತುವಿನ ಲೇಪವುಳ್ಳ ಉಕ್ಕಿನವು, ಬೋಲ್ಟುಗಳೆಲ್ಲವೂ ಉಕ್ಕಿನವು. ಚಾವಣಿಯು ಗಾಡಿಯನ್ನು ಸೇರುವ ಪ್ರತಿಯೊಂದು ಸ್ಥಳದಲ್ಲಿಯೂ ಎರಡು ಲೋಹಗಳು ಒಂದನ್ನೊಂದು ಮುಟ್ಟುವುವು. ತೊಡಕಿರುವುದು ಇಲ್ಲಿಯೇ.

ಬಿಳಿಯ ಪುಡಿಯ ಗುಟ್ಟು

ಎರಡು ಬೇರೆ ಬೇರೆ ಲೋಹಗಳು ಪರಸ್ಪರ ಮುಟ್ಟಿಕೊಂಡಿದ್ದು, ಎರಡನ್ನೂ ತೋಯಿಸುವಂತೆ ಉಪ್ಪು ಬೆರೆತ ನೀರಿದ್ದರೆ ಅದೊಂದು ವಿದ್ಯುತ್ಕೋಶವಾಗುವುದು. ಇಟಲಿಯ ವೋಲ್ಟ 1800ರಲ್ಲಿ ಲೋಕಕ್ಕೆ ಸಾರಿದ ರಾಶಿಕೋಶದ ತತ್ತ್ವವೂ ಇದೇ. ಕೋಶದಲ್ಲಿ ಒಂದು ಲೋಹವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ಕರಗುತ್ತ ಹೋಗುವುದು. ಇನ್ನೊಂದು ಅವುಗಳನ್ನು ನೀರಿನಲ್ಲಿ ಬೆರೆತ ಆಮ್ಲಜನಕಕ್ಕೆ ದಾಟಿಸಿ ತಾನು ಕ್ಷೇಮವಾಗಿರುವುದು. ಉಪ್ಪುನೀರಿನಲ್ಲಿ ಸತುವು ಮೊದಲು ಕರಗುವುದು, ಅನಂತರ ಅಲ್ಯೂಮಿನಿಯಂ, ಅದರ ತರುವಾಯ ಉಕ್ಕು.

ಗಾಡಿಯು ಹೊಸದಾಗಿದ್ದಾಗ ಅಂಚುಪಟ್ಟಿಯ ಮೇಲಿನ ಸತುವು ತಾನು ಸವೆದು ಉಳಿದೆರಡನ್ನೂ ಕಾಪಾಡುತ್ತಿತ್ತು. ಸತುವು ತೀರಿದ ಮೇಲೆ ಸರದಿಯು ಅಲ್ಯೂಮಿನಿಯಮ್ಮಿಗೆ ಬಂದಿತು. ಬ್ರಿಟನ್ನಿನಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ಉಪ್ಪನ್ನು ಎರಚುವ ರೂಢಿಯಿರುವುದರಿಂದ ಈ ಕೋಶಕ್ಕೆ ಬೇಕಾದ ಉಪ್ಪುನೀರಿಗೂ ಕೊರತೆಯಿಲ್ಲ. ಅಲ್ಯೂಮಿನಿಯಂ ಕರಗಿ ಉಂಟಾದ ಹೈಡ್ರಾಕ್ಸೈಡೇ ಆ ಬಿಳಿಯ ಪುಡಿ. ಅದು ಮೂಲ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಬಣ್ಣವನ್ನು ಎಬ್ಬಿಸುವುದು; ಬೋಲ್ಟಿನ ಸುತ್ತಲಿನ ಸಂದನ್ನು ತುಂಬಿ ಅದನ್ನು ಬೆಣೆ ಹೊಡೆದಂತೆ ಬಂಧಿಸುವುದು.

ವೋಲ್ಟನಿಗಿಂತ ಮೊದಲೇ ಈ ವ್ಯಾಪಾರವನ್ನು ಬ್ರಿಟಿಷ್ ನೌಕಾಪಡೆಯು ಕಷ್ಟಪಟ್ಟು ಕಂಡಿತ್ತು. 1761ರಲ್ಲಿ ‘ಅಲಾರಂ’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ಸಮುದ್ರಕ್ಕೆ ಕಳುಹಿಸಿದರು. ಹಿಂದಿರುಗಿದ ಹಡಗನ್ನು ಪರೀಕ್ಷಿಸಿದಾಗ ತಾಮ್ರವು ಚೆನ್ನಾಗಿಯೇ ಇತ್ತು. ಅದನ್ನು ಮುಟ್ಟಿಕೊಂಡಿದ್ದ ಕಬ್ಬಿಣದ ಮೊಳೆಗಳು ಮಾತ್ರ ತಿಂದುಹೋಗಿದ್ದವು. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದವು ಕೆಲವು ಕಡೆ ತಾಮ್ರಕ್ಕೂ ಮೊಳೆಗೂ ನಡುವೆ ಉಳಿದುಕೊಂಡಿತ್ತು. ಅಂತಹ ಕಡೆಗಳಲ್ಲಿ ಮೊಳೆಗಳಿಗೆ ಏನೂ ಆಗಿರಲಿಲ್ಲ! ಕಾರಣವು ಆಗ ಯಾರಿಗೂ ತಿಳಿಯದಿದ್ದರೂ ಪಾಠವು ಸ್ಪಷ್ಟವಾಗಿತ್ತು. ಕೋಶಕ್ಕೆ ಎರಡು ಲೋಹಗಳು, ಅವುಗಳ ಸ್ಪರ್ಶ, ನೀರು ಈ ಮೂರೂ ಬೇಕು. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಸಾಕು. ಈ ಪಾಠವನ್ನು ಚಾವಣಿಯ ಕೆಲಸದ ಕೊನೆಯಲ್ಲಿ ನಾವು ಮತ್ತೆ ನೆನೆಯಬೇಕಾಗುವುದು.

ಬಿಚ್ಚುವ ಬಗೆ

ಅವಸರವು ಇಲ್ಲಿ ಮೊದಲನೆಯ ಶತ್ರು. ಹಿಂದಿನ ದಿನವೇ ಪ್ರತಿಯೊಂದು ಬೋಲ್ಟಿಗೂ ತೆಳುವಾದ ಎಣ್ಣೆಯನ್ನು ಬಿಟ್ಟಿರಬೇಕು. ದೀಪದ ಬತ್ತಿಯಲ್ಲಿ ಎಣ್ಣೆಯು ಏರುವ ಲೋಮಾಕರ್ಷಣದ ಬಲದಿಂದಲೇ ಇದು ಕೂದಲೆಳೆಯಷ್ಟು ಸಂದಿನಲ್ಲಿಯೂ ಇಳಿಯುವುದು. ಆದರೆ ಅದಕ್ಕೆ ಕಾಲಾವಕಾಶ ಬೇಕು. ಮರುದಿನ ಬೋಲ್ಟನ್ನು ಮೊದಲು ಬಿಗಿಯುವ ಕಡೆಗೆ ಕೊಂಚ ತಿರುಗಿಸಿ, ಅನಂತರ ಸಡಿಲಿಸಬೇಕು. ಹೀಗೆ ಹಿಂದುಮುಂದಾಗಿ ಆಡಿಸಿದರೆ ಪುಡಿಯ ಹಿಡಿತವು ಬಿಡುವುದು.

ಸ್ಪ್ಯಾನರಿನ ಅಳತೆಯೂ ಸರಿಯಾಗಿರಬೇಕು. ಈ ಗಾಡಿಗಳ ಬೋಲ್ಟುಗಳು ಅಂಗುಲದ ಲೆಕ್ಕದವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರ್, 13 ಮಿಲಿಮೀಟರಿನ ಸ್ಪ್ಯಾನರ್ ಅದಕ್ಕೆ ಹೊಂದುವಂತೆ ತೋರುವುದು. ಆದರೆ ಗಟ್ಟಿಯಾಗಿ ಕಚ್ಚಿಕೊಂಡ ಬೋಲ್ಟಿನ ಮೇಲೆ ಆ 0.3 ಮಿಲಿಮೀಟರಿನ ಸಡಿಲವೇ ತಲೆಯ ಮೂಲೆಗಳನ್ನು ಸವೆಯಿಸಿ ಗುಂಡಗೆ ಮಾಡಲು ಸಾಕು.

ಬಿಸಿ ಮಾಡಿದರೆ ಬೋಲ್ಟು ಸಡಿಲವಾಗುವುದೆಂಬುದು ನಿಜ. ಆದರೆ ಈ ಗಾಡಿಯಲ್ಲಿ ಪೆಟ್ರೋಲಿನ ತೊಟ್ಟಿಯು ಮುಂದಿನ ಆಸನದ ಕೆಳಗೇ ಇರುವುದರಿಂದ ಬೆಂಕಿಯ ಜ್ವಾಲೆಯನ್ನಾಗಲಿ ಕಿಡಿ ಹಾರಿಸುವ ಸಾಣೆಯ ಯಂತ್ರವನ್ನಾಗಲಿ ಹತ್ತಿರ ತರುವುದು ಪ್ರಾಣಕ್ಕೆ ಅಪಾಯ. ಏನು ಮಾಡಿದರೂ ಬಾರದ ಬೋಲ್ಟನ್ನು ಕೈಗರಗಸದಿಂದ ಕತ್ತರಿಸುವುದೇ ಲೇಸು. ಬೋಲ್ಟು ಅಂಗಡಿಯಲ್ಲಿ ದೊರೆಯುವುದು. ಆರವತ್ತು ವರ್ಷದ ತಗಡು ದೊರೆಯದು.

ಬೆಂಕಿಪೊಟ್ಟಣದ ಪಾಠ

ಬೋಲ್ಟುಗಳೆಲ್ಲ ಬಂದ ಮೇಲೆ ಎತ್ತುವ ಕೆಲಸ. ಇಲ್ಲಿ ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಿರಿ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ತೆಗೆದುಬಿಟ್ಟು ಬರಿಯ ಹೊರಗವಸನ್ನು ಪಕ್ಕದಿಂದ ಬೆರಳಿನಲ್ಲಿ ಒತ್ತಿರಿ. ಅದು ಸುಲಭವಾಗಿ ಓರೆಯಾಗಿ ಚಪ್ಪಟೆಯಾಗುವುದು. ತಟ್ಟೆಯನ್ನು ಸೇರಿಸಿ ಒತ್ತಿರಿ, ಈಗ ಅಲ್ಲಾಡದು. ಎರಡೂ ತೆಳುವಾದವೇ, ಕೂಡಿದಾಗ ಮಾತ್ರ ಗಟ್ಟಿ.

ಚಾವಣಿಯೂ ಹಾಗೆಯೇ. ತೊಟ್ಟಿಗೆ ಬಿಗಿದಿರುವಷ್ಟು ಕಾಲ ಅದರ ಪಕ್ಕದ ಗೋಡೆಗಳು ನೆಟ್ಟಗೆ ನಿಲ್ಲುವುವು. ಬಿಡಿಸಿ ಎತ್ತಿದೊಡನೆ ಅದು ತಳವಿಲ್ಲದ ಪೆಟ್ಟಿಗೆ. ಗೋಡೆಗಳು ಅತ್ತಿತ್ತ ಬಳುಕಿ ಮೂಲೆಯ ಕೀಲುಗಳನ್ನು ತಿರುಚುವುವು. ಆದುದರಿಂದ ಎತ್ತುವ ಮೊದಲು ಎರಡು ಗೋಡೆಗಳ ಕೆಳಗಿನ ಅಂಚುಗಳಿಗೆ ಅಡ್ಡಲಾಗಿ ಮರದ ಪಟ್ಟಿಗಳನ್ನು ಕಟ್ಟುವುದು ಜಾಣತನ. ಮುಂದಿನ ಗಾಜಿನ ಚೌಕಟ್ಟನ್ನೂ ಮರೆಯಬಾರದು. ಈ ಗಾಡಿಯಲ್ಲಿ ಅದು ಮುಂದಕ್ಕೆ ಮಡಿಸಿಕೊಳ್ಳುವಂತೆ ಕೀಲುಗೊಂಡಿದೆ. ಮೇಲಿನಿಂದ ಹಿಡಿದಿದ್ದ ಚಾವಣಿಯು ಹೋದ ಮೇಲೆ ಕೆಳಗಿನ ಬಂಧನಗಳೇ ಅದಕ್ಕೆ ಆಧಾರ. ಅವು ಬಿಗಿಯಾಗಿವೆಯೇ ಎಂದು ಮೊದಲೇ ನೋಡಬೇಕು.

ನಾಲ್ಕು ಮೂಲೆಗೆ ನಾಲ್ಕು ಜನ ನಿಂತು, ಒಬ್ಬರ ಮಾತಿನಂತೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಗಾಳಿ ಬೀಸುವ ದಿನ ಈ ಕೆಲಸವು ಸಲ್ಲದು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯು ಎದುರಿಗಿರುವ ಪ್ರತಿ ಚದರ ಮೀಟರಿನ ಮೇಲೆ ಸುಮಾರು 6 ಕಿಲೋಗ್ರಾಂ ತೂಕದಷ್ಟು ಒತ್ತುವುದು. ಚಾವಣಿಯ ವಿಸ್ತಾರವು 3 ಚದರ ಮೀಟರೆಂದು ಇಟ್ಟುಕೊಂಡರೆ, ಓರೆಯಾಗಿ ಹಿಡಿದ ಹೊರೆಯು ಹಡಗಿನ ಹಾಯಿಯಂತಾಗಿ ಹೊತ್ತವರನ್ನು ಎಳೆದಾಡುವುದರಲ್ಲಿ ಸಂಶಯವಿಲ್ಲ.

ಮತ್ತೆ ಕೂಡಿಸುವಾಗ

ಬಿಚ್ಚುವುದು ಹಿಂದಿನವರ ತಪ್ಪನ್ನು ಕಾಣುವ ಕೆಲಸವಾದರೆ ಕೂಡಿಸುವುದು ಮುಂದಿನವರ ಕಷ್ಟವನ್ನು ತಪ್ಪಿಸುವ ಕೆಲಸ. ಬಿಳಿಯ ಪುಡಿಯನ್ನು ಹೊಳೆಯುವ ಲೋಹವು ಕಾಣುವವರೆಗೆ ಉಜ್ಜಿ ತೆಗೆದು ಬಣ್ಣ ಬಳಿಯಬೇಕು. ಅನಂತರ ಕಂದು ಕಾಗದದ ಪಾಠ: ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ನಡುವೆ ವಿದ್ಯುತ್ತು ಹರಿಯದ ಪದಾರ್ಥವಿರಬೇಕು. ಬೋಲ್ಟಿನ ತಲೆಯಡಿಗೆ ನೈಲಾನಿನ ವಾಷರು, ಅದರ ಕಾಂಡಕ್ಕೆ ನೈಲಾನಿನ ಕೊಳವೆ, ಅಂಚುಪಟ್ಟಿಯ ಮೇಲೆ ರಬ್ಬರಿನ ಪಟ್ಟಿ, ಸಂದುಗಳಿಗೆ ನೀರು ನುಗ್ಗದಂತೆ ಜಿಡ್ಡು. ಇವೇ ಆ ಕಾಗದದ ಇಂದಿನ ರೂಪಗಳು.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಬೋಲ್ಟುಗಳನ್ನು ಹಾಕಿದರೆ ಎಲ್ಲವೂ ಸರಿಹೋಗುವುದೆಂದು ಕೆಲವರ ಎಣಿಕೆ. ಆ ಬೋಲ್ಟು ತಾನು ಕೆಡದು, ನಿಜ. ಆದರೆ ನಡುವೆ ವಾಷರಿಲ್ಲದಿದ್ದರೆ ನೆರೆಯ ಅಲ್ಯೂಮಿನಿಯಮ್ಮನ್ನು ಕೆಡಿಸುವುದು. ‘ಅಲಾರಂ’ ಹಡಗಿನ ತಾಮ್ರವೂ ಚೆನ್ನಾಗಿಯೇ ಇತ್ತೆಂಬುದನ್ನು ನೆನೆಯಬೇಕು. ಸತುವಿನ ಲೇಪವುಳ್ಳ ಬೋಲ್ಟು ಇದಕ್ಕಿಂತ ಒಳ್ಳೆಯ ನೆರೆಯವನು.

ಚಾವಣಿಯನ್ನು ಇಳಿಸಿದ ಮೇಲೆ ಯಾವ ಬೋಲ್ಟನ್ನೂ ಒಮ್ಮೆಗೇ ಬಿಗಿಯಬಾರದು. ಎಲ್ಲವನ್ನೂ ಮೊದಲು ಕೈಬೆರಳಿನಿಂದಲೇ ತಿರುಗಿಸಿ ನಿಲ್ಲಿಸಬೇಕು. ಒಂದು ಕಡೆ ಬಿಗಿದುಬಿಟ್ಟರೆ ಇನ್ನೊಂದು ಕಡೆಯ ತೂತುಗಳು ಹೊಂದುವುದಿಲ್ಲ. ಬಾಗಿಲುಗಳು ಸರಿಯಾಗಿ ಮುಚ್ಚುವುದನ್ನು ನೋಡಿಕೊಂಡು, ಎಡಬಲಗಳನ್ನು ಬದಲಾಯಿಸುತ್ತ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

ಎಷ್ಟು ಬಿಗಿಯಬೇಕು? 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 5 ಕಿಲೋಗ್ರಾಂ ತೂಕದ ಬಲವನ್ನು ಹಾಕಿದರೂ ಸುಮಾರು 8 ಮಿಲಿಮೀಟರ್ ದಪ್ಪದ ಬೋಲ್ಟು ತಗಡುಗಳನ್ನು ಸುಮಾರು 600 ಕಿಲೋಗ್ರಾಂ ತೂಕದಷ್ಟು ಬಲದಿಂದ ಅದುಮುವುದು. ಸನ್ನೆಯೂ ತಿರುಪಿನ ಇಳಿಜಾರೂ ಕೂಡಿ ಮಾಡುವ ಪವಾಡವಿದು. ಮೃದುವಾದ ಅಲ್ಯೂಮಿನಿಯಂ ಇದನ್ನು ತಾಳಬೇಕಾದರೆ ಬಲವು ಹೆಚ್ಚು ಸ್ಥಳಕ್ಕೆ ಹರಡಬೇಕು. ಅಗಲವಾದ ವಾಷರಿನ ಉಪಯೋಗವು ಅದೇ.

ಮತ್ತೊಂದು ಮಾತು. 2 ಮೀಟರ್ ಉದ್ದದ ಅಲ್ಯೂಮಿನಿಯಂ ತಗಡು 40 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯೇರಿದಾಗ ಸುಮಾರು 1.8 ಮಿಲಿಮೀಟರ್ ಹಿಗ್ಗುವುದು; ಅಷ್ಟೇ ಉದ್ದದ ಉಕ್ಕು ಸುಮಾರು 1 ಮಿಲಿಮೀಟರ್ ಮಾತ್ರ. ಎರಡನ್ನೂ ಒಂದಕ್ಕೊಂದು ಚಲಿಸದಂತೆ ಕಟ್ಟಿಹಾಕಿದರೆ ತಗಡು ಉಬ್ಬುವುದು. ಬೋಲ್ಟಿಗಿಂತ ತೂತು ಕೊಂಚ ದೊಡ್ಡದಾಗಿರುವುದೂ ನಡುವೆ ರಬ್ಬರಿರುವುದೂ ಇದಕ್ಕಾಗಿ. ಹಳೆಯ ರಬ್ಬರು ಗಾಳಿಯ ಆಮ್ಲಜನಕ ಮತ್ತು ಓಜೋನುಗಳಿಂದ ಗಡಸಾಗಿ ಬಿರುಕು ಬಿಟ್ಟಿರುವುದರಿಂದ ಅದನ್ನು ಬದಲಾಯಿಸಲೇಬೇಕು. ಕೊನೆಗೆ ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗಿನಿಂದ ನೀರು ಹಾಯಿಸಿ ಪರೀಕ್ಷಿಸಿದರೆ ಕೆಲಸವು ಪೂರ್ತಿ.

ಇಷ್ಟೆಲ್ಲ ಮಾಡಿದ ಮೇಲೆಯೂ ಈ ಚಾವಣಿಯು ಮಳೆ ಚಳಿಗಳನ್ನು ತಡೆಯುವ ಹೊದಿಕೆಯೇ ಹೊರತು, ಗಾಡಿಯು ಮಗುಚಿದರೆ ಒಳಗಿರುವವರನ್ನು ಕಾಪಾಡುವ ಕೋಟೆಯಲ್ಲ ಎಂಬುದನ್ನು ಓಡಿಸುವವರು ಮರೆಯಬಾರದು.

ಚೆನ್ನಾಗಿ ಕೂಡಿಸಿದ ಚಾವಣಿಯಲ್ಲಿ ವಾಷರುಗಳು ಕಾಣುವುದಿಲ್ಲ, ಜಿಡ್ಡು ಕಾಣುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸವೇ ತೋರದು. ಇಪ್ಪತ್ತು ವರ್ಷಗಳ ತರುವಾಯ ಮತ್ತಾರೋ ಒಬ್ಬರು ಸ್ಪ್ಯಾನರನ್ನು ಹಿಡಿದು ಬಂದಾಗ, ಬೋಲ್ಟು ಮೊದಲನೆಯ ಎಳೆತಕ್ಕೇ ಸಲೀಸಾಗಿ ತಿರುಗಿದರೆ, ವ್ಯತ್ಯಾಸವು ಆಗ ತಿಳಿಯುವುದು.