ಬಾಟಲಿಯಲ್ಲಿ ನಿಲ್ಲದ ಆಮ್ಲ

ಭೈರವಾನಿತಿಪ್ಪದಂಥ ಹಗರಿ ದಂಡೆಯ ಊರುಗಳಲ್ಲಿ ದನಕ್ಕೆ ಕಾಲುಬಾಯಿ ಜ್ವರ ಬಂದರೆ ಬಾಯಿ, ಗೊರಸು ತೊಳೆಯಲು ಬಳಸುವ ಗುಲಾಬಿ ಬಣ್ಣದ ನೀರು ಯಾರಿಗೂ ಹೊಸದಲ್ಲ. ಅದರ ನೇರಳೆ ಹರಳು ಪೊಟ್ಯಾಶಿಯಂ ಪರ್ಮಾಂಗನೇಟ್. ಇದು ಪರ್ಮಾಂಗನಿಕ್ ಆಮ್ಲದ ಲವಣ. ಲವಣ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಆಮ್ಲ ಎಲ್ಲಿಯೂ ಸಿಗದು.

ಹಾಗೆಂದು ಆಮ್ಲ ತಯಾರಿಸುವುದು ಕಷ್ಟವೇನಲ್ಲ. ಬೇರಿಯಂ ಪರ್ಮಾಂಗನೇಟಿನ ದ್ರಾವಣಕ್ಕೆ ತೆಳು ಗಂಧಕಾಮ್ಲವನ್ನು ಲೆಕ್ಕವಾಗಿ ಬೆರೆಸಿದರೆ ಬೇರಿಯಂ ಸಲ್ಫೇಟ್ ಬಿಳಿಯಾಗಿ ತಳಕ್ಕಿಳಿಯುತ್ತದೆ, ಮೇಲೆ ನೇರಳೆ ಆಮ್ಲ ಉಳಿಯುತ್ತದೆ. ಕಷ್ಟ ಇರುವುದು ಅದನ್ನು ಉಳಿಸಿಕೊಳ್ಳುವುದರಲ್ಲಿ. ಸಾಂದ್ರಗೊಳಿಸಲು ಹೋದರೆ, ಕಾಯಿಸಿದರೆ, ಆಮ್ಲಜನಕ ಬಿಟ್ಟು ಕಂದುಗಪ್ಪು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕೂರುತ್ತದೆ. ಈ ಆಮ್ಲದಲ್ಲೂ ಅದರ ಲವಣದಲ್ಲೂ ಮ್ಯಾಂಗನೀಸ್ ಇರುವುದು ತನ್ನ ಗರಿಷ್ಠ ಉತ್ಕರ್ಷಣ ಸ್ಥಿತಿಯಲ್ಲಿ, ಅಂದರೆ +7ರಲ್ಲಿ. ಎದುರಿಗೆ ಸಿಕ್ಕಿದ್ದರಿಂದ ಎಲೆಕ್ಟ್ರಾನು ಕಿತ್ತು ಕೆಳಗಿಳಿಯುವುದೇ ಅದರ ಸ್ವಭಾವ. ರೋಗಾಣು ಸಾಯುವುದೂ ಇದರಿಂದಲೇ.

ಈ ಆಮ್ಲದ ತಮ್ಮನಾದ ಮ್ಯಾಂಗನಿಕ್ ಆಮ್ಲದ ಪಾಡು ಇನ್ನೂ ಕಡೆ. ಅದನ್ನು ಶುದ್ಧವಾಗಿ ಬೇರ್ಪಡಿಸಲು ಆಗಿಲ್ಲ. ಅದರ ಪೊಟ್ಯಾಶಿಯಂ ಲವಣ ಕಡುಹಸಿರು. ಹುಳಿ ತಗುಲಿದರೆ ಒಂದು ಪಾಲು +7ಕ್ಕೆ ಏರಿ ನೇರಳೆಯಾಗುತ್ತದೆ, ಉಳಿದದ್ದು +4ಕ್ಕಿಳಿದು ಕಂದು ಗಸಿಯಾಗುತ್ತದೆ. ಹಳೆಯ ರಸಾಯನಜ್ಞರು ಈ ಹಸಿರು ಲವಣವನ್ನು ಊಸರವಳ್ಳಿ ಖನಿಜವೆಂದೇ ಕರೆದರು. ಜರ್ಮನಿಯ ಗ್ಲೌಬರ್ 1659ರಷ್ಟು ಹಿಂದೆಯೇ ಈ ಬಣ್ಣದಾಟವನ್ನು ಬರೆದಿಟ್ಟಿದ್ದ.

ಈ ಲವಣಗಳ ಮೂಲದ್ರವ್ಯವನ್ನು ನಾವು ದೂರ ಹುಡುಕಬೇಕಿಲ್ಲ. ಬಳ್ಳಾರಿ ಕಡೆಯ ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅದಿರಿದೆ, ಆದರೆ ಅದು ಮುಖ್ಯವಾಗಿ ಉಕ್ಕಿನ ಉದ್ಯಮಕ್ಕೆ ಹೋಗುತ್ತದೆ. ಪರ್ಮಾಂಗನೇಟಿಗೆ ಬೇಕಾದದ್ದು ಮ್ಯಾಂಗನೀಸ್ ಡೈಆಕ್ಸೈಡ್. ಅದನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡಿನೊಡನೆ ಗಾಳಿಯಾಡುವಂತೆ ಕಾಯಿಸಿದರೆ ಹಸಿರು ಲವಣ, ಅದಕ್ಕೆ ವಿದ್ಯುತ್ ಹಾಯಿಸಿದರೆ ನೇರಳೆ ಲವಣ.

ಹರಳಿನ ಮೇಲೆ ಸಾಂದ್ರ ಗಂಧಕಾಮ್ಲ ಸುರಿಯುವ ಕುತೂಹಲ ಮಾತ್ರ ಯಾರಿಗೂ ಬೇಡ. ಹುಟ್ಟುವ ಹಸಿರು ಎಣ್ಣೆ ಸಿಡಿಯುತ್ತದೆ. ಹರಳಿಗೆ ಗ್ಲಿಸರಿನ್ ತಗುಲಿದರೂ ಬೆಂಕಿ ಹೊತ್ತಿಕೊಳ್ಳುತ್ತದೆ.

1890ರ ದಶಕದಲ್ಲಿ ಆಗ್ರಾದಲ್ಲಿದ್ದ ಜೀವಾಣುತಜ್ಞ ಹ್ಯಾಂಕಿನ್ ಕಾಲರಾ ತಡೆಯಲು ಬಾವಿಗಳಿಗೆ ಈ ನೇರಳೆ ಲವಣವನ್ನು ಹಾಕಿಸಿದ. ಮುಂದೆ ಆ ಕೆಲಸ ಕ್ಲೋರಿನ್ ಪಾಲಾಯಿತು. ಹಾವಿನ ವಿಷಕ್ಕೂ ಇದನ್ನೇ ಹೇಳಿದವರುಂಟು: 1904ರಲ್ಲಿ ವೈದ್ಯ ಬ್ರಂಟನ್ ಮತ್ತು ಸಂಗಡಿಗರು ಹಾವು ಕಚ್ಚಿದ ಗಾಯವನ್ನು ಕೊಯ್ದು ಹರಳು ತಿಕ್ಕಿ ಎಂದರು. ಪ್ರಯೋಗಶಾಲೆಯ ನಳಿಕೆಯಲ್ಲಿ ವಿಷವನ್ನು ಕೆಡಿಸುವ ಈ ಲವಣ, ಮೈಯೊಳಗೆ ಹರಡಿದ ವಿಷವನ್ನು ಹಿಂಬಾಲಿಸಲಾರದು. ಸುಡುವುದು ಗಾಯದ ಮಾಂಸವನ್ನಷ್ಟೇ. ಆ ಹಳೆಯ ಸಲಹೆ ಯಾರಾದರೂ ಇಂದಿಗೂ ಕೊಟ್ಟರೆ ಕೇಳಬೇಡಿ, ಕಚ್ಚಿಸಿಕೊಂಡವರನ್ನು ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ.